ಮಹಾಬಲಿಪುರಕ್ಕೆ ಸದ್ದಿಲ್ಲದ ಕಾರಿನಲ್ಲಿ

ಸಂಕ್ರಾಂತಿ ಕಳೆದ ಮೇಲಿನ ಶನಿವಾರ, ಬೆಳಗಿನ ಬಿಸಿಲು ಏರುವ ಮುಂಚೆ, ತಿರುವಾನ್ಮಿಯೂರಿನ ನಮ್ಮ ಮನೆಯ ಮುಂದೆ ಎರಡು ಕಾರುಗಳು ನಿಂತಿದ್ದವು. ಒಂದು ನನ್ನ ಅಣ್ಣ ಪಂಚಾಕ್ಷರಿಯದು. ನಾನು ಹುಟ್ಟುವ ಮೊದಲೇ ತಯಾರಾಗಿದ್ದ ಕೆನೆಬಣ್ಣದ ಪೆಟ್ರೋಲ್ ಕಾರು, ಗೇರ್ ಹಾಕುವ ಕೋಲು ಸ್ಟೀರಿಂಗಿನ ಪಕ್ಕದಲ್ಲಿ. ಇನ್ನೊಂದು ಅದರ ಅರ್ಧದಷ್ಟಿದ್ದ ಹಸಿರು ಕಾರು. ಎರಡೇ ಬಾಗಿಲು, ಮುಂದೆ ಇಬ್ಬರು ಕೂರಬಹುದು, ಹಿಂದಿನ ಸೀಟು ಮಕ್ಕಳಿಗೆ ಮಾತ್ರ ಸಾಕು. ಅದಕ್ಕೆ ಪೆಟ್ರೋಲ್ ಬೇಡ, ಬ್ಯಾಟರಿಯ ಕರೆಂಟಿನಲ್ಲಿ ಓಡುತ್ತದೆ. ಬೆಂಗಳೂರಿನಲ್ಲಿ ಅಂಥ ಕಾರುಗಳು ರಸ್ತೆಗೆ ಬಂದು ಆಗಿನ್ನೂ ಒಂದೆರಡು ವರ್ಷವಾಗಿತ್ತು. ಚೆನ್ನೈಯಲ್ಲಿ ನಾನು ಕಂಡದ್ದು ಇದೊಂದನ್ನೇ.

ಅದು ಇನ್ನೂ ನನ್ನದಾಗಿರಲಿಲ್ಲ. ಪೆರುಂಗುಡಿಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂತು ಯಂತ್ರಗಳ ನಕ್ಷೆ ಬಿಡಿಸುತ್ತಿದ್ದ ಗೆಳತಿಯದು. ಗಂಡನಿಗೆ ವರ್ಗವಾಗಿ ಅವರು ದಿಲ್ಲಿಗೆ ಹೊರಟಿದ್ದರು. "ಒಂದು ವಾರ ಇಟ್ಕೊಂಡು ಓಡಿಸಿ ನೋಡು ಗಿರಿಜಾ, ಆಮೇಲೆ ಹೇಳು" ಎಂದು ಕೀಲಿಕೈ ಕೊಟ್ಟಿದ್ದಳು. ಮೂರು ವರ್ಷದವಳಿದ್ದಾಗ ಬಂದ ಪೋಲಿಯೊದಿಂದ ನನ್ನ ಎಡಗಾಲಿಗೆ ಶಕ್ತಿಯಿಲ್ಲ, ಕ್ಯಾಲಿಪರ್, ಅಂದರೆ ಲೋಹದ ಪಟ್ಟಿಗಳ ಆಸರೆ, ಹಾಕಿಕೊಂಡು ನಡೆಯುತ್ತೇನೆ. ಈ ಕಾರಿನಲ್ಲಿ ಕ್ಲಚ್ ಇರಲಿಲ್ಲ. ಬ್ರೇಕಿಗೂ ಓಟಕ್ಕೂ ಬಲಗಾಲೊಂದೇ ಸಾಕು. ಮೊದಲ ದಿನ ಅದರಲ್ಲಿ ಕೂತಾಗ ಎಡಗಾಲನ್ನು ಆರಾಮವಾಗಿ ಒಂದು ಕಡೆ ಇಟ್ಟುಬಿಟ್ಟೆ, ಅಷ್ಟೆ. ಇನ್ನೇನೂ ಮಾಡಬೇಕಾಗಿರಲಿಲ್ಲ.

ಅಣ್ಣನ ಯೋಜನೆ ಬೇರೆ ಇತ್ತು. ಪುದುಪ್ಪೇಟೆಯ ಹತ್ತಿರ ಅವನದು ಮೋಟಾರು ಬಿಡಿಭಾಗಗಳ ಅಂಗಡಿ. ದಾವಣಗೆರೆಯಿಂದ ಚೆನ್ನೈಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಕಾರೆಂದರೆ ಅವನಿಗೆ ಪ್ರಾಣ. ನನಗಾಗಿ ಒಂದು ಒಳ್ಳೆಯ ಪೆಟ್ರೋಲ್ ಕಾರನ್ನು ನೋಡಿಟ್ಟಿದ್ದ, ಅದಕ್ಕೆ ತಾನೇ ಕಾಲಿನ ಬದಲು ಕೈಯಲ್ಲಿ ಹಿಡಿಯುವ ಕೈಕ್ಲಚ್ ಕೂರಿಸಿಕೊಡುತ್ತೇನೆ ಎಂದಿದ್ದ. ಡ್ರೈವಿಂಗ್ ಶಾಲೆಯಲ್ಲಿ ಅಂಥದೇ ಕೈಕ್ಲಚ್ಚಿನ ಕಾರಿನಲ್ಲಿ ಕಲಿತು ನಾನು ಲೈಸನ್ಸ್ ತೆಗೆದುಕೊಂಡಿದ್ದೆ. ಆದರೆ ಗಿಂಡಿಯ ಟ್ರಾಫಿಕ್ಕಿನಲ್ಲಿ ಒಂದು ಸಂಜೆ ಕ್ಲಚ್ ಹಿಡಿದೂ ಬಿಟ್ಟೂ ನನ್ನ ಎಡಗೈ ಮರಗಟ್ಟಿ ಹೋಗಿತ್ತು. ಅದನ್ನು ಹೇಳಿದರೆ ಅವನಿಗೆ ಬೇಸರವಾಗುತ್ತಿತ್ತು. ಹಸಿರು ಕಾರು ನೋಡಿ, "ಇದು ಕಾರಲ್ಲ ಕಣೇ, ಜಾತ್ರೆ ಆಟದ ಸಾಮಾನು" ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ನಮ್ಮ ಬಳಗದೋರು ಶನಿವಾರ ಮಹಾಬಲಿಪುರಕ್ಕೆ ಹೋಗ್ತಿದೀವಿ. ನೀನೂ ಇದರಲ್ಲೇ ಬಾ. ಹೋಗಿ ಬಂದ್ರೆ ತಗೋ. ನಾನು ಒಂದು ಮಾತೂ ಆಡಲ್ಲ" ಎಂದ.

ಅವನ ಬಳಗವೆಂದರೆ ಹಳೆಯ ಕಾರುಗಳ ಹುಚ್ಚಿನ ಏಳೆಂಟು ಜನ. ಎರಡು ಮೂರು ತಿಂಗಳಿಗೊಮ್ಮೆ ಸಾಲಾಗಿ ಎಲ್ಲಿಗಾದರೂ ಹೋಗಿ, ಉಂಡು, ಬಾನೆಟ್ ತೆಗೆದು ಒಬ್ಬರ ಇಂಜಿನ್ ಇನ್ನೊಬ್ಬರು ನೋಡಿ, ಮರುದಿನ ಬರುತ್ತಾರೆ. ನಮ್ಮ ಮನೆಯಿಂದ ಮಹಾಬಲಿಪುರ ನಲವತ್ತೈದು ಕಿಲೋಮೀಟರ್ ಚಿಲ್ಲರೆ. ಹೊಸ ಬ್ಯಾಟರಿಯಾದರೆ ಕಾರು ಎಂಬತ್ತು ಓಡಬೇಕು. ಗೆಳತಿಯ ಪ್ರಕಾರ ಈಗ ಅರವತ್ತಕ್ಕೆ ಮೋಸವಿಲ್ಲ. ಆದರೆ ಅವಳು ಅದನ್ನು ಊರ ಹೊರಗೆ ಒಯ್ದವಳೇ ಅಲ್ಲ.

ಅವ್ವ ನನ್ನ ಜೊತೆ ಬರುತ್ತೇನೆಂದಳು. ಅಣ್ಣನ ಕಾರಿನಲ್ಲಿ ಕೂತರೆ ಅಡ್ಯಾರ್ ದಾಟುವಷ್ಟರಲ್ಲಿ ಪೆಟ್ರೋಲ್ ವಾಸನೆಗೆ ಅವಳ ಹೊಟ್ಟೆ ತೊಳಸುತ್ತದೆ. ಹಾಗಾಗಿ ಚೆನ್ನೈಗೆ ಬಂದ ಮೇಲೆ ಅವಳು ದೂರದ ಪ್ರಯಾಣವನ್ನೇ ಬಿಟ್ಟಿದ್ದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರಿನ ಡಬ್ಬಿ ಹಿಂದಿನ ಸೀಟಿಗೇರಿದವು. ಸೆರಗಿನಲ್ಲಿ ಒಂದು ನಿಂಬೆಹಣ್ಣು ಕಟ್ಟಿಕೊಂಡು ಅವಳು ನನ್ನ ಪಕ್ಕ ಕೂತಳು. ಅಣ್ಣ ತನ್ನ ಕಾರಿನ ಡಿಕ್ಕಿಗೆ ಒಂದು ದಪ್ಪ ಹಗ್ಗ ಹಾಕುವುದನ್ನು ನಾನು ಕನ್ನಡಿಯಲ್ಲಿ ನೋಡಿದೆ. ನನ್ನ ಕಾರು ದಾರಿಯಲ್ಲಿ ನಿಂತರೆ ಎಳೆದುಕೊಂಡು ಬರಲು.

ನೀಲಾಂಗರೈಯಲ್ಲಿ ಉಳಿದ ಕಾರುಗಳು ಕೂಡಿಕೊಂಡವು. ಮುಂದೆ ರಂಗನಾಥನ್ ಅವರ ಉದ್ದನೆಯ ಕಪ್ಪು ಕಾರು. ಅವರು ಬಳಗದಲ್ಲಿ ಎಲ್ಲರಿಗಿಂತ ಹಿರಿಯರು, ನಿವೃತ್ತ ಇಂಜಿನಿಯರ್. ಅವರ ಹಿಂದೆ ನಾಲ್ಕು ಕಾರು, ಆಮೇಲೆ ನಾನು, ಕೊನೆಗೆ ಅಣ್ಣ. ಹೊಸದಾಗಿ ಆಗಿದ್ದ ಕಡಲತೀರದ ರಸ್ತೆ ನುಣ್ಣಗಿತ್ತು. ಉತ್ತಂಡಿಯ ಟೋಲ್ ಗೇಟಿನಲ್ಲಿ ಚೀಟಿ ಹರಿಯುವವನು ಹಣ ತೆಗೆದುಕೊಂಡು, "ಇಂಜಿನ್ ಆಫ್ ಆಗಿದೆ ಮೇಡಂ, ಸ್ಟಾರ್ಟ್ ಮಾಡಿ" ಎಂದು ತಮಿಳಿನಲ್ಲಿ ಹೇಳಿದ. ಆಫ್ ಆಗಿಲ್ಲ ಎಂದು ನಾನು ಮುಂದೆ ಹೋದಾಗ ಗೂಡಿನಿಂದ ಕತ್ತು ಹೊರಹಾಕಿ ನೋಡಿದ. ಅವ್ವ ನಕ್ಕಳು.

ಮುಟ್ಟುಕಾಡಿನಲ್ಲಿ ಹಿನ್ನೀರಿನ ಪಕ್ಕ, ಗಾಳಿಮರಗಳ ನೆರಳಲ್ಲಿ ತಿಂಡಿಗೆ ನಿಂತೆವು. ಇಳಿದಿದ್ದೇ ತಡ, ಎಲ್ಲರೂ ನನ್ನ ಕಾರಿನ ಸುತ್ತ ಸೇರಿದರು. ಮುಂದಿನ ಮುಚ್ಚಳ ತೆಗೆಯಿರಿ ಎಂದರು, ತೆಗೆದೆ. ಅವರು ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಬ್ಯಾಟರಿಗಳು ಸೀಟಿನ ಕೆಳಗಿವೆ, ಮೋಟಾರು ಹಿಂದಿದೆ ಎಂದು ವಿವರಿಸಿದೆ.

ರಂಗನಾಥನ್ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದರು. ಅವರು ನನ್ನೊಡನೆ ತಮಿಳಿನಲ್ಲೇ ಮಾತಾಡುತ್ತಾರೆ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಭಾನುವಾರ ಬೆಳಿಗ್ಗೆ ಇದನ್ನಿಟ್ಟುಕೊಂಡು ಏನಮ್ಮಾ ಮಾಡ್ತೀರಿ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ. "ಎಲ್ಲಿಗಾದರೂ ಹೋಗ್ತೀವಿ" ಎಂದೆ.

"ಅದು ಸರಿ. ನಾನು ಕೇಳಿದ್ದು ಕೈಗೆ ಕೆಲಸ ಏನು ಅಂತ. ನಾನು ಪ್ಲಗ್ ತೆಗೆದು ಉಜ್ಜುತ್ತೇನೆ, ಕಾರ್ಬುರೇಟರ್ ಬಿಚ್ಚುತ್ತೇನೆ. ಅದು ಕೆಮ್ಮಿದರೆ ಯಾಕೆ ಕೆಮ್ಮಿತು ಅಂತ ವಾರವೆಲ್ಲ ಯೋಚಿಸುತ್ತೇನೆ. ನನ್ನ ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ನನ್ನ ಜೊತೆ ಜಗಳ ಆಡೋದು ಆ ಕಾರೊಂದೇ. ಇದು ಜಗಳ ಆಡಲ್ಲ ಅಲ್ವಾ?"

ಯಾರೋ ನಕ್ಕರು. ರಂಗನಾಥನ್ ನಗಲಿಲ್ಲ. "ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು ಸಾರ್" ಎಂದೆ. ಅದಕ್ಕೆ ಅವರ ಮುಖ ಸ್ವಲ್ಪ ಅರಳಿತು. ಎಷ್ಟು ದಿನಕ್ಕೊಮ್ಮೆ, ಹೇಗೆ, ಎಲ್ಲಿಂದ ಎಂದು ಕೇಳತೊಡಗಿದರು. ಇಂಥ ಕಾರುಗಳು ಬಂದರೆ ನಮ್ಮ ಕಾಲ ಮುಗಿದ ಹಾಗೆ ಎಂದು ಇನ್ನೊಬ್ಬರು ಹೇಳಿದಾಗ ಅಣ್ಣ, "ಬರಲ್ಲ ಬಿಡಿ. ನಲವತ್ತು ಮೈಲಿ ಓಡಿ ಒಂದು ರಾತ್ರಿ ಮಲಗೋ ಕಾರನ್ನ ಯಾರು ತಗೋತಾರೆ" ಎಂದ. ಹೇಳಿದ ಮೇಲೆ ನನ್ನ ಕಡೆ ನೋಡಿ ರೊಟ್ಟಿ ಮುರಿಯತೊಡಗಿದ.

ಅವನ ಮಾತು ನನ್ನನ್ನು ಚುಚ್ಚಿತೆಂದು ಕಾಣುತ್ತದೆ. ಮುಟ್ಟುಕಾಡಿನ ಸೇತುವೆ ದಾಟಿದ ಮೇಲೆ ನಾನು ಕಪ್ಪು ಕಾರಿನ ಸಾಲಿಗೆ ಸಮವಾಗಿ ಓಡಿಸಿದೆ. ಈ ಕಾರು ಓಡಬಲ್ಲಷ್ಟೂ ವೇಗ ಅದು. ಕಡಲಿನಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಕೋವಲಂ ಹತ್ತಿರ ಬಂದಾಗ ಚಾರ್ಜಿನ ಮುಳ್ಳು ನೋಡಿದೆ. ಅರ್ಧಕ್ಕಿಂತ ಎಷ್ಟೋ ಕೆಳಗಿಳಿದಿತ್ತು. ಹೋಗಬೇಕಾದ ದಾರಿ ಹೆಚ್ಚುಕಡಿಮೆ ಇನ್ನೂ ಅರ್ಧವಿತ್ತು.

"ಯಾಕವ್ವ, ಮಾತೇ ಇಲ್ಲ?" ಎಂದಳು ಅವ್ವ.

"ಏನಿಲ್ಲವ್ವ. ಸ್ವಲ್ಪ ನಿಧಾನ ಹೋಗಾಣ."

"ಹೋಗು. ನಂಗೇನು ಅವಸರ? ಕಡಲು ನೋಡ್ಕೋತ ಕೂತೀನಿ."

ಸೈಕಲ್ಲಿನವರಿಗಿಂತ ಸ್ವಲ್ಪ ಜೋರು ಎನ್ನುವಷ್ಟಕ್ಕೆ ಇಳಿಸಿದೆ. ಮುಂದಿನ ಕಾರುಗಳು ಒಂದೊಂದಾಗಿ ಕಣ್ಮರೆಯಾದವು. ಬಸ್ಸುಗಳು ಹಾರ್ನ್ ಹೊಡೆದು ದಾಟಿದವು. ಕಾಲು ಸಡಿಲ ಬಿಟ್ಟರೆ ಕಾರು ಇಳಿಜಾರಿನಲ್ಲಿ ತಾನಾಗಿ ಹರಿಯುವುದನ್ನೂ, ಆಗ ಮುಳ್ಳು ಕೆಳಗಿಳಿಯದಿರುವುದನ್ನೂ ಗಮನಿಸಿದೆ. ಸಣ್ಣ ಏರಿನಲ್ಲಿ ಪೆಡಲನ್ನು ಒತ್ತದೆ ಹೇಗೆ ಹತ್ತಿಸುವುದೆಂದು ಕಲಿತೆ. ಮೊಸಳೆ ಸಾಕುವ ತಾಣ ದಾಟಿದೆವು. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದು ಅಲ್ಲೇ ನಡುಗುತ್ತಿತ್ತು. ನನಗೆ ಆ ಹೊತ್ತಿನಲ್ಲಿದ್ದ ಭಯ ಕಾರು ನಿಲ್ಲುವುದರದ್ದಲ್ಲ. ನಿಂತರೆ, ಹಗ್ಗ ಕಟ್ಟಿ ಎಳೆಸಿಕೊಂಡು ಹೋದರೆ, ನಾನೊಬ್ಬಳೇ ಆಫೀಸಿಗೆ ಹೋಗುವ, ಬೇಕೆಂದಾಗ ಮಾರ್ಕೆಟ್ಟಿಗೆ ತಿರುಗುವ ಇಷ್ಟು ದಿನದ ಆಸೆ ಅಲ್ಲಿಗೆ ಮುಗಿಯುತ್ತದೆಂಬ ಭಯ. ಕೈಕ್ಲಚ್ಚಿನ ಕಾರಿಗೆ ಆಮೇಲೆ ಬೇಡವೆನ್ನಲು ನನ್ನ ಹತ್ತಿರ ಮಾತಿರುತ್ತಿರಲಿಲ್ಲ.

ಕನ್ನಡಿಯಲ್ಲಿ ಕೆನೆಬಣ್ಣದ ಕಾರು ಕಾಣುತ್ತಲೇ ಇತ್ತು. ಅಷ್ಟು ನಿಧಾನ ಹೋದರೆ ಅವನ ಇಂಜಿನ್ ಬಿಸಿಯೇರುತ್ತದೆ, ಅವನಿಗೆ ಅದು ಚೆನ್ನಾಗಿ ಗೊತ್ತು. ಆದರೂ ಒಮ್ಮೆಯೂ ಹಾರ್ನ್ ಹೊಡೆಯಲಿಲ್ಲ, ಒಮ್ಮೆಯೂ ದಾಟಲಿಲ್ಲ.

ಮಹಾಬಲಿಪುರದ ಕಲ್ಲು ಕೆತ್ತುವವರ ಅಂಗಡಿಗಳು ಶುರುವಾದಾಗ ಉಳಿ ಸುತ್ತಿಗೆಗಳ ಟಕಟಕ ಸದ್ದು ಕೇಳಿಸಿತು. ನಮ್ಮ ಕಾರಿಗೆ ಸದ್ದಿಲ್ಲದ್ದರಿಂದ ಪ್ರತಿಯೊಂದು ಏಟೂ ಸ್ಪಷ್ಟವಾಗಿತ್ತು. ಅವ್ವ ನಿಂಬೆಹಣ್ಣನ್ನು ಸೆರಗಿನಿಂದ ಬಿಚ್ಚಿ ನೋಡಿ, "ಇದನ್ನ ಮೂಸೇ ಇಲ್ಲ ನೋಡು. ಹೊಟ್ಟೆ ತಣ್ಣಗೈತೆ" ಎಂದಳು. ಲಾಡ್ಜಿನ ಅಂಗಳಕ್ಕೆ ಬಂದು ಕೀಲಿ ತಿರುಗಿಸಿದೆ. ಅಣ್ಣ ಇಳಿದು ಬಂದು, ತನ್ನ ಕಾರಿಗಿಂತ ಮೊದಲು ನನ್ನ ಕಾರಿನ ಮುಳ್ಳು ನೋಡಿದ. "ಒಣಗಿ ಹೋಗೈತೆ" ಎಂದಷ್ಟೇ ಹೇಳಿದ.

ಲಾಡ್ಜ್ ಸಣ್ಣದು. ಕೆಳಗೆ ಊಟದ ಮೆಸ್, ಮೇಲೆ ಕೋಣೆಗಳು. ನಡೆಸುತ್ತಿದ್ದವರು ಸೆಲ್ವಿ ಎಂಬ ಐವತ್ತರ ಆಸುಪಾಸಿನ ಹೆಂಗಸು. ಕಾರಿಗೆ ಕರೆಂಟ್ ಬೇಕು ಎಂದಾಗ ಅವರು ಮೊದಲು ನಂಬಲಿಲ್ಲ, ಆಮೇಲೆ ಧಾರಾಳವಾಗಿ ತೆಗೆದುಕೊಳ್ಳಿ ಎಂದರು. ಆದರೆ ಕೋಣೆಗಳಲ್ಲಿದ್ದವೆಲ್ಲ ಫ್ಯಾನು, ರೇಡಿಯೊಗಳ ಸಣ್ಣ ಪ್ಲಗ್ಗುಗಳು. ಈ ಕಾರಿಗೆ ದೊಡ್ಡ ಮೂರು ಕಡ್ಡಿಯದೇ ಆಗಬೇಕು. ಇಡೀ ಲಾಡ್ಜಿನಲ್ಲಿ ಅಂಥದ್ದು ಒಂದೇ ಇತ್ತು, ಅಡಿಗೆಮನೆಯ ಹಿಂದೆ, ಗ್ರೈಂಡರಿಗೆ. ಅಲ್ಲಿ ಹತ್ತಾರು ಜನಕ್ಕೆ ಬೇಕಾಗುವ ಇಡ್ಲಿ ಅಕ್ಕಿ ಆಗತಾನೇ ಸುತ್ತಲು ಶುರುವಾಗಿತ್ತು.

"ಅಕ್ಕಿ ಆದ ಮೇಲೆ ಉದ್ದು ಹಾಕಬೇಕು" ಎಂದರು ಸೆಲ್ವಿ. "ನಾಳೆ ಬೆಳಿಗ್ಗೆ ನಿಮ್ಮ ಕಾರಿಗೂ ಹೊಟ್ಟೆ ತುಂಬಬೇಕು, ನಿಮಗೂ ತುಂಬಬೇಕಲ್ಲ. ಹಿಟ್ಟು ಮುಗಿಯಲಿ."

ಮಧ್ಯಾಹ್ನದ ಊಟ ಮುಗಿಸಿ ಬಳಗದವರು ಕಡಲ ಗುಡಿಯ ಕಡೆ ಹೋದರು. ಅವ್ವ ಅವರ ಜೊತೆ ಹೋದಳು. ನಾನು ಅಡಿಗೆಮನೆಯ ಹಿಂದಿನ ಜಗುಲಿಯಲ್ಲಿ ಕೂತು ಗ್ರೈಂಡರ್ ಕಲ್ಲು ತಿರುಗುವುದನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಣ್ಣ ತನ್ನ ಟೂಲ್ ಪೆಟ್ಟಿಗೆ ಹಿಡಿದು ಬಂದು ಪಕ್ಕ ಕೂತ.

"ಗುಡಿಗೆ ಹೋಗಲಿಲ್ವಾ?"

"ಆ ಪ್ಲಗ್ಗಿನ ಅರ್ತ್ ನೋಡಬೇಕು. ಈ ಕಡಲ ಗಾಳಿಗೆ ತಂತಿ ಎಲ್ಲ ತುಕ್ಕು ಹಿಡಿದಿರ್ತೈತೆ."

ಕಲ್ಲು ಗುರ್ರೆನ್ನುತ್ತಿತ್ತು. ಅವನು ನನ್ನ ಮುಖ ನೋಡದೆ ಮಾತಾಡಿದ.

"ಗಿರಿಜಾ, ನೀನು ಅಂದ್ಕೊಂಡಿರ್ತೀಯ, ಇವನಿಗೆ ಪೆಟ್ರೋಲ್ ಕಾರಿನ ಹುಚ್ಚು, ಅದಕ್ಕೇ ಬೇಡ ಅಂತಾನೆ ಅಂತ. ಹುಚ್ಚು ಐತೆ, ಇಲ್ಲ ಅನ್ನಲ್ಲ. ಆದ್ರೆ ನನ್ನ ಕಾರು ನಿಲ್ಲೋ ಮುಂಚೆ ಹೇಳ್ತೈತೆ. ಮುಕ್ಕರಿಸ್ತೈತೆ, ಜಗ್ತೈತೆ, ವಾಸನೆ ಬರ್ತೈತೆ. ಅಷ್ಟ್ರಲ್ಲಿ ಎಲ್ಲೋ ಒಂದು ಬಂಕ್ ಹತ್ರ ಸೇರ್ಕೋತೀನಿ. ಇದು ಬಾಯೇ ಬಿಡಲ್ಲ. ಪಟ್ಟಂತ ನಿಂತುಬಿಟ್ರೆ? ಪೆರುಂಗುಡಿ ರಸ್ತೇಲಿ, ಮಳೇಲಿ, ಸುತ್ತ ಯಾರೂ ಇಲ್ದೆ. ನಾವಾದ್ರೆ ಇಳಿದು ನಡ್ಕೊಂಡು ಹೋಗ್ತೀವಿ. ನೀನು?"

ಅವನು ಇದನ್ನು ಹಿಂದೆಂದೂ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ಕಾಲಿನ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಹೆಸರಿಟ್ಟು ಆಡುವುದಿಲ್ಲ.

"ಇದೂ ಹೇಳ್ತೈತೆ ಅಣ್ಣ" ಎಂದೆ. "ಕೋವಲಂ ಹತ್ರ ಹೇಳ್ತು. ನಾನು ನಿಮ್ಮ ಜೊತೆ ಜಿದ್ದಿಗೆ ಬಿದ್ದು ಓಡಿಸ್ದೆ, ಮುಳ್ಳು ಬಿತ್ತು. ನಿಧಾನ ಮಾಡ್ದೆ, ತಡ್ಕೊಂತು. ಕಿವಿಗೆ ಹೇಳಲ್ಲ, ಕಣ್ಣಿಗೆ ಹೇಳ್ತೈತೆ. ಮನೆಯಿಂದ ಆಫೀಸಿಗೆ ಹೋಗಿಬರೋಕೆ ಇದರ ಕಾಲುಭಾಗ ಸಾಕು. ದಿನಾ ಮಹಾಬಲಿಪುರಕ್ಕೆ ಯಾರು ಬರ್ತಾರೆ?"

"ಮೊಬೈಲ್ ಯಾವಾಗ್ಲೂ ಇಟ್ಕೋತೀಯ?"

"ಇಟ್ಕೋತೀನಿ."

"ಚಾರ್ಜ್ ಮಾಡಿ?"

"ಅದನ್ನೂ ಮಾಡಿ."

ಅವನಿಗೆ ನಗು ಬಂತು. ಬಿಸಿಲು ಇಳಿಯುವ ಹೊತ್ತಿಗೆ ಉದ್ದು ನುಣ್ಣಗಾಯಿತು. ಸೆಲ್ವಿ ಹಿಟ್ಟು ಬಳಿದುಕೊಂಡು ಹೋದ ಮೇಲೆ ಅಣ್ಣ ಮೇನ್ ಆರಿಸಿ ಪ್ಲಗ್ ಬಿಚ್ಚಿದ. ಅರ್ತ್ ತಂತಿ ನಿಜಕ್ಕೂ ತುಂಡಾಗಿತ್ತು. ಹೊಸದು ಹಾಕಿ, ಬಲ್ಬ್ ಹಚ್ಚಿ ಪರೀಕ್ಷಿಸಿದ. ಇನ್ನು ಕಾರನ್ನು ಅಲ್ಲಿಯವರೆಗೆ ತರಬೇಕಿತ್ತು. ಲಾಡ್ಜಿನ ಪಕ್ಕದ ಓಣಿ ಒಂದು ಎತ್ತಿನ ಗಾಡಿಯಷ್ಟೂ ಅಗಲವಿರಲಿಲ್ಲ. ಸೌದೆ, ನೀರಿನ ಡ್ರಮ್ಮು ಸರಿಸಿ, ಅಣ್ಣ ಹಿಂದಿನಿಂದ ಕೈ ಬೀಸುತ್ತಾ "ಬಾ, ಬಾ, ಇನ್ನೂ ಬಾ, ಪೋದುಂ" ಎಂದು, ಸಾಕು ಎನ್ನುವುದನ್ನು ತಮಿಳಿನಲ್ಲಿ ಹೇಳಿ ನಿಲ್ಲಿಸಿದ. ಓಣಿಯಲ್ಲಿ ಎರಡೂ ಪಕ್ಕ ಒಂದೊಂದು ಗೇಣು ಉಳಿದಿತ್ತು, ಹಿಂದಿನ ಅಂಗಳಕ್ಕೆ ಬಂದ ಮೇಲೆಯೇ ಬಾಗಿಲು ತೆಗೆಯಲು ಜಾಗ ಸಿಕ್ಕಿದ್ದು. ಅವರ ಕಾರುಗಳಲ್ಲಿ ಒಂದಕ್ಕೂ ಆ ಓಣಿಗೆ ಮೂತಿ ಸಹ ತೂರಿಸಲಾಗುತ್ತಿರಲಿಲ್ಲ.

ವೈರ್ ಚುಚ್ಚಿದಾಗ ಸಣ್ಣ ದೀಪ ಹತ್ತಿತು. ಸಂಜೆ ಕಾಫಿ ಹೊತ್ತಿಗೆ ಊರಿಗೆಲ್ಲ ಕರೆಂಟ್ ಹೋಯಿತು. ನಾನು ಲೋಟ ಹಿಡಿದು ಗಡಿಯಾರ ನೋಡುತ್ತಾ ಕೂತೆ. ರಂಗನಾಥನ್ ಕೂಡ ಗಡಿಯಾರ ನೋಡುತ್ತಿದ್ದರು. ಬೀದಿದೀಪಗಳು ಮತ್ತೆ ಹತ್ತಿದಾಗ ಎಲ್ಲರಿಗಿಂತ ಮೊದಲು ಎದ್ದು ಹಿಂದಕ್ಕೆ ಹೋಗಿ ನೋಡಿ ಬಂದವರು ಅವರೇ. "ಕುಡಿಯುತ್ತಿದೆ ಅಮ್ಮಾ" ಎಂದು ಹೇಳಿ ಕೂತರು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಭಾನುವಾರ ಬೆಳಿಗ್ಗೆ ಮುಳ್ಳು ಮೇಲಿನ ತುದಿಗೆ ಏರಿ ನಿಂತಿತ್ತು. ಇಡ್ಲಿ ಮೆತ್ತಗಿದ್ದವು, ಒಗ್ಗರಣೆ ಹಾಕಿದ ತೆಂಗಿನ ಚಟ್ನಿ ಜೊತೆಗೆ. ತಿಂಡಿ ಮುಗಿಸಿ ಅಣ್ಣ ಕೈ ಚಾಚಿದ. ಕೀಲಿ ಕೊಟ್ಟೆ. ಅವ್ವನನ್ನು ಪಕ್ಕ ಕೂರಿಸಿಕೊಂಡು ಕಲ್ಲು ರಥಗಳಿರುವ ತನಕ ಹೋಗಿ ಬಂದ. ಇಳಿದವನು ಬಾಗಿಲು ಹಾಕಿ ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟು ನಿಂತ.

"ಹೆಂಗೈತೆ?" ಎಂದೆ.

"ಸುಳ್ಳು ಹೇಳಲ್ಲ. ನಂಗೆ ಓಡಿಸ್ದಂಗೇ ಅನ್ನಿಸಲಿಲ್ಲ. ಗೇರಿಲ್ಲ, ಸದ್ದಿಲ್ಲ. ಕೈಗೂ ಕಾಲಿಗೂ ಕೆಲಸ ಇಲ್ಲದಂಗೆ ಕೂತಿದ್ದೆ. ನಾನಂತೂ ಇಂಥದ್ದು ತಗಳಲ್ಲ." ಆಮೇಲೆ ಅವ್ವನ ಕಡೆ ತಿರುಗಿ ನೋಡಿದ. ಅವಳು ಇನ್ನೂ ಇಳಿದಿರಲಿಲ್ಲ, ಕಿಟಕಿಯ ಮೇಲೆ ಮೊಳಕೈಯಿಟ್ಟು ಕೂತಿದ್ದಳು. "ದಾರಿ ಉದ್ದಕ್ಕೂ ಮಾತಾಡಿದ್ಲು. ಅಪ್ಪನ ಸೈಕಲ್ ಅಂಗಡಿ ಕಥೆ, ನಾನು ಕೇಳೇ ಇರಲಿಲ್ಲ. ನನ್ನ ಕಾರಲ್ಲಿ ಕೂತ್ರೆ ಬಾಯಿಗೆ ಸೆರಗು ಮುಚ್ಚಿರ್ತಾಳೆ. ನಾಳೆ ನಿನ್ನ ಗೆಳತಿಗೆ ಹೇಳಿಬಿಡು, ತಗೋತೀನಿ ಅಂತ."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಹೊರಟೆವು. ಲಾಡ್ಜಿನ ಬಾಗಿಲಲ್ಲಿ ಇಂಜಿನ್ನುಗಳು ಒಂದೊಂದಾಗಿ ಗುಡುಗತೊಡಗಿದಾಗ ಬೀದಿಯ ಜನ ನಿಂತು ನೋಡಿದರು. ಆ ಸದ್ದು ಚೆನ್ನಾಗಿಯೇ ಇತ್ತು, ಎದೆಯೊಳಗೆ ಹೋಗಿ ಕೂರುವಂಥ ಸದ್ದು. ಅಣ್ಣನ ಹುಚ್ಚು ನನಗೆ ಆಗ ಸ್ವಲ್ಪ ಅರ್ಥವಾಯಿತು. ಅವನು ಕಿಟಕಿಯಿಂದ ಕೈ ಹೊರಹಾಕಿ, "ನಾವು ಮುಂದೆ ಹೋಗಿರ್ತೀವಿ. ಈ ಸ್ಪೀಡಲ್ಲಿ ಬಂದ್ರೆ ನನ್ನ ರೇಡಿಯೇಟರ್ ಕುದ್ದು ಹೋಗ್ತೈತೆ. ನಿಧಾನ ಬಾ" ಎಂದ. ಕೆನೆಬಣ್ಣದ ಕಾರು ಸಾಲಿನ ಮುಂದಕ್ಕೆ ಸೇರಿಕೊಂಡು ತಿರುವಿನಲ್ಲಿ ಮರೆಯಾಯಿತು. ನನ್ನ ಕನ್ನಡಿಯಲ್ಲಿ ಬರೀ ರಸ್ತೆಯಿತ್ತು.

ಈ ಸಲ ಯಾರ ಜಿದ್ದೂ ಇರಲಿಲ್ಲ. ಒಂದೇ ಹದದಲ್ಲಿ ಬಂದೆ. ವಡನೆಮ್ಮೇಲಿಯಲ್ಲಿ ಕಲ್ಲಂಗಡಿ ತಿಂದೆವು, ಕೋವಲಂ ಹತ್ತಿರ ಅವ್ವ ಮೀನುಗಾರರ ದೋಣಿ ಎಣಿಸಿದಳು. ತಿರುವಾನ್ಮಿಯೂರಿನ ಸಿಗ್ನಲ್ಲಿಗೆ ಬಂದಾಗ ಮುಳ್ಳಿನಲ್ಲಿ ನಿನ್ನೆಗಿಂತ ಎಷ್ಟೋ ಹೆಚ್ಚು ಉಳಿದಿತ್ತು. ಕೆಂಪು ದೀಪಕ್ಕೆ ನಿಂತಿದ್ದೆ. ಎಡಕ್ಕೆ ಹೋದರೆ ನಮ್ಮ ಮನೆ. ನೇರ ಹೋದರೆ ಬೆಸೆಂಟ್ ನಗರ, ಕಡಲ ದಂಡೆ. ಎಂಟು ವರ್ಷ ಚೆನ್ನೈಯಲ್ಲಿದ್ದರೂ ನಾನಾಗಿ ಒಂದು ಸಂಜೆ ಅಲ್ಲಿಗೆ ಹೋಗಿರಲಿಲ್ಲ. ಯಾರಾದರೂ ಕರೆದರೆ ಹೋಗುತ್ತಿದ್ದೆ, ಅವರು ಎದ್ದಾಗ ಎದ್ದು ಬರುತ್ತಿದ್ದೆ.

"ಅವ್ವ, ಸುಸ್ತಾತಾ?"

"ಕೂತು ಬಂದೀನಿ, ಎಲ್ಲಿ ಸುಸ್ತು?"

ಹಸಿರು ದೀಪ ಹತ್ತಿತು. ನೇರ ಹೋದೆ.

ದಂಡೆಯ ಪಕ್ಕ ಕಾರು ನಿಲ್ಲಿಸಿ, ಎರಡೂ ಕಿಟಕಿ ಇಳಿಸಿ ಕೂತೆವು. ಬೇಯಿಸಿದ ಕಡಲೆಯ ಸುಂಡಲ್ ಮಾರುವವನಿಂದ ಎರಡು ಪೊಟ್ಟಣ ತೆಗೆದುಕೊಂಡೆವು. ಬಿಸಿಲು ಹೋಗಿ ಗಾಳಿ ತಣ್ಣಗಾಗಿತ್ತು. ಆಗ ಮೊಬೈಲ್ ಬಡಿಯಿತು. ಅಣ್ಣ.

"ಎಲ್ಲಿದೀಯ? ಮನೆ ಮುಂದೆ ಕಾಯ್ತಿದೀನಿ. ನಿಂತುಹೋಯ್ತಾ? ಹಗ್ಗ ತಗೊಂಡು ಬರ್ಲಾ?"

"ಇಲ್ಲ ಅಣ್ಣ. ಬೆಸೆಂಟ್ ನಗರದಲ್ಲಿದೀವಿ."

"ಅಲ್ಲೇನು ಕೆಲಸ?"

"ಏನೂ ಇಲ್ಲ. ಸುಮ್ನೆ ಬಂದ್ವಿ."

ಅವನ ಕಾರಿನ ಇಂಜಿನ್ ಬಡಿದುಕೊಳ್ಳುತ್ತಿರುವುದು ಫೋನಿನಲ್ಲಿ ಕೇಳಿಸುತ್ತಿತ್ತು.

"ಸುಮ್ನೆ?" ಎಂದ.

"ಸುಮ್ನೆ."

"ಹಂಗಾದ್ರೆ ನೀನೂ ನಮ್ಮ ಬಳಗಕ್ಕೆ ಸೇರ್ದೆ ಬಿಡು" ಎಂದ. "ಅಲ್ಲೇ ಇರು, ನಾನೂ ಬರ್ತೀನಿ. ನಂಗೂ ಒಂದು ಸುಂಡಲ್ ತಗೊಂಡಿಡು."